ಸೇತುವೆಯ ಕೆಳಗಿನಿಂದ ನೋಡಿದಾಗ

ಕುಂದಾಪುರದ ಆಚೆ, ಪಂಚಗಂಗಾವಳಿಯ ಹಿನ್ನೀರಿನ ಬದಿಯಲ್ಲಿ ಹುಟ್ಟಿ ಬೆಳೆದ ನನಗೆ ಹೊಳೆ ಹೊಸತಲ್ಲ, ದೋಣಿಯೂ ಹೊಸತಲ್ಲ. ಆದರೆ ಸೇತುವೆಯನ್ನು ಕೆಳಗಿನಿಂದ ನೋಡುವ ಅಭ್ಯಾಸ ನನಗೆ ಬಂದದ್ದು ಇಂಗ್ಲೆಂಡಿನ ನಾರಿಚ್ ನಗರಕ್ಕೆ ಬಂದು ನೆಲೆಸಿದ ಮೇಲೆಯೇ. ಊರಿನಲ್ಲಿದ್ದಾಗ ಸೇತುವೆ ಎಂದರೆ ಬಸ್ಸು ಒಂದು ಕ್ಷಣ ಸದ್ದು ಬದಲಿಸುವ ಜಾಗ, ಕಿಟಕಿಯ ಪಕ್ಕದವರು ಹೊಳೆಗೆ ನಾಣ್ಯ ಎಸೆಯುವ ಜಾಗ. ಅದರ ಅಡಿಯಲ್ಲಿ ಹಾದುಹೋಗುವವನಿಗೂ ಅದು ಏನಾದರೂ ಹೇಳಬೇಕಾದ ವಸ್ತು ಎಂದು ನಾನು ಎಂದೂ ಯೋಚಿಸಿರಲಿಲ್ಲ. ಈಗ ವರ್ಷಕ್ಕೊಮ್ಮೆ ರಜೆಗೆ ಊರಿಗೆ ಹೋದಾಗ, ಹೊಸದಾಗಿ ಎದ್ದ ಪ್ರತಿ ಸೇತುವೆಯ ಅಡಿಗೂ ಕಣ್ಣು ತಾನಾಗಿ ಇಳಿಯುತ್ತದೆ, ಅಲ್ಲಿ ಏನೂ ಬರೆದಿಲ್ಲವೆಂಬುದು ಮನಸ್ಸನ್ನು ಕೆಣಕುತ್ತದೆ.

ನಾರಿಚ್‌ನಿಂದ ಪೂರ್ವಕ್ಕೆ, ಸಮುದ್ರದ ಕಡೆಗೆ ಹೊರಟರೆ ಬ್ರಾಡ್ಸ್ ಎಂಬ ಜಲಪ್ರದೇಶ ಸಿಗುತ್ತದೆ. ಬ್ರಾಡ್ ಎಂದರೆ ಇಲ್ಲಿನವರ ಮಾತಿನಲ್ಲಿ ಅಗಲವಾದ, ಹೆಚ್ಚು ಆಳವಿಲ್ಲದ, ಕೆರೆಯಂಥ ನೀರು. ಇವು ನಿಸರ್ಗವೇ ಮಾಡಿದ ಕೆರೆಗಳೆಂದು 1950ರ ದಶಕದವರೆಗೂ ಎಲ್ಲರೂ ನಂಬಿದ್ದರು. ಜಾಯ್ಸ್ ಲ್ಯಾಂಬರ್ಟ್ ಎಂಬ ಸಸ್ಯವಿಜ್ಞಾನಿ ನೆಲವನ್ನು ಕೊರೆದು ಪರೀಕ್ಷಿಸಿ, ಮಧ್ಯಯುಗದ ಜನ ಉರುವಲಿಗಾಗಿ ಜೌಗುನೆಲದ ಪೀಟ್ ಮಣ್ಣನ್ನು ಅಗೆದು ತೆಗೆದ ಗುಂಡಿಗಳಿವು, ಮುಂದೆ ನೀರಿನ ಮಟ್ಟ ಏರಿ ತುಂಬಿಕೊಂಡವು ಎಂದು ತೋರಿಸಿದರು. ಬ್ಯೂರ್, ಆಂಟ್, ಥರ್ನ್, ಯೇರ್, ವೇವ್ನಿ, ಚೆಟ್ ಎಂಬ ನದಿಗಳು ಈ ಕೆರೆಗಳಿಗೆ ದಾರಿಯಾಗಿ, ಕೊನೆಗೆ ಗ್ರೇಟ್ ಯಾರ್ಮತ್ ಎಂಬಲ್ಲಿ ಒಂದೇ ಬಾಯಿಯಿಂದ ಸಮುದ್ರ ಸೇರುತ್ತವೆ. ದೋಣಿ ಓಡಾಡಬಲ್ಲ ದಾರಿ ಒಟ್ಟು ಸುಮಾರು 200 ಕಿಲೋಮೀಟರ್. ನೆಲ ಅಂಗೈಯಷ್ಟು ಸಮತಟ್ಟಾಗಿರುವುದರಿಂದ ಸಮುದ್ರದ ಉಬ್ಬರ ಇಳಿತಗಳು ಒಳನಾಡಿನಲ್ಲಿ ಬಹು ದೂರದವರೆಗೆ ತಿಳಿಯುತ್ತವೆ, ಅಂದರೆ ಇಲ್ಲಿನ ಯಾವ ಸೇತುವೆಗೂ ಒಂದೇ ಎತ್ತರವೆಂಬುದಿಲ್ಲ. ಬೆಳಿಗ್ಗೆ ತಲೆ ತಾಗದೆ ದಾಟಿಸಿದ ಕಮಾನೇ ಮಧ್ಯಾಹ್ನ ದೋಣಿಯ ಮಾಡನ್ನು ಕಿತ್ತುಹಾಕಬಹುದು.

ಈ ನೀರಿನಲ್ಲಿ ಮಲಗುವ ಕೋಣೆಯೂ ಅಡುಗೆಮನೆಯೂ ಇರುವ ಮೋಟಾರು ದೋಣಿಯೊಂದನ್ನು ವಾರಕ್ಕೆ ಬಾಡಿಗೆಗೆ ಪಡೆಯಲು ಯಾವ ಪರವಾನಗಿಯೂ ಬೇಡ. ದೋಣಿ ಬಾಡಿಗೆಗೆ ಕೊಡುವ ದೋಣಿಮನೆಯವರು ಒಂದಷ್ಟು ಹೊತ್ತು ಜೊತೆಗೆ ಕೂತು ಮುಂದೆ ಹಿಂದೆ ಓಡಿಸುವುದನ್ನು, ಹಗ್ಗ ಕಟ್ಟುವುದನ್ನು ಹೇಳಿಕೊಟ್ಟು, ಶುಭವಾಗಲಿ ಎಂದು ದಡಕ್ಕೆ ಇಳಿದುಬಿಡುತ್ತಾರೆ. ಕಾರು ಓಡಿಸಲು ಇಷ್ಟೆಲ್ಲ ಪರೀಕ್ಷೆ ಇಟ್ಟ ದೇಶ ಹೀಗೆ ಮಾಡುವುದು ಮೊದಲ ಸಲ ನನಗೆ ಹುಚ್ಚಾಟವಾಗಿ ಕಂಡಿತ್ತು. ನಾಲ್ಕಾರು ಬಾರಿ ಹೋಗಿಬಂದ ಮೇಲೆ ಅರ್ಥವಾದದ್ದೇನೆಂದರೆ, ದೋಣಿ ನಡೆಸುವವನು ಏನೂ ತಿಳಿಯದ ಪರಸ್ಥಳದವನು ಎಂದೇ ಭಾವಿಸಿ ಈ ನದಿಯನ್ನು ಅಣಿಗೊಳಿಸಿದ್ದಾರೆ. ತಿಳಿವಳಿಕೆ ಅವನ ತಲೆಯಲ್ಲಿರಬೇಕಾಗಿಲ್ಲ, ಅದು ದಡದಲ್ಲಿಯೂ ಕಂಬದ ಮೇಲೆಯೂ ಇದೆ. ನಮ್ಮ ಹೊಳೆಗಳ ರೀತಿ ಇದಕ್ಕೆ ತೀರ ವಿರುದ್ಧ. ಅಲ್ಲಿ ಜಲ್ಲೆ ಹಿಡಿದವನು ಆ ಹೊಳೆಯ ಮೇಲೆಯೇ ಹುಟ್ಟಿದವನು, ಅವನಿಗೆ ಫಲಕದ ಅಗತ್ಯವಿಲ್ಲ, ಆದ್ದರಿಂದ ಫಲಕವೇ ಇಲ್ಲ. ಎರಡೂ ತಮ್ಮ ತಮ್ಮ ಮಟ್ಟಿಗೆ ಸರಿಯಾದ ಪದ್ಧತಿಗಳೇ. ತೊಡಕಿರುವುದು, ನಮ್ಮಲ್ಲಿ ಅಂಬಿಗ ಮರೆಯಾಗುತ್ತಿದ್ದು ಅವನ ಜಾಗಕ್ಕೆ ಏನೂ ಬರುತ್ತಿಲ್ಲ ಎಂಬುದರಲ್ಲಿ.

ಇಲ್ಲಿನ ಏರ್ಪಾಡು ಸರಳವಾದದ್ದು. ಬಾಡಿಗೆ ದೋಣಿಯಲ್ಲಿ ಚುಕ್ಕಾಣಿಯ ಎದುರಿಗೆ, ಕಣ್ಣಿಗೆ ಬೀಳುವಂತೆ, ನೀರಿನಿಂದ ಮೇಲಕ್ಕೆ ಆ ದೋಣಿಯ ಎತ್ತರವೆಷ್ಟು ಎಂಬುದನ್ನು ಬರೆದ ತಗಡು ಇರುತ್ತದೆ. ಸೇತುವೆ ಹತ್ತಿರವಾಗುತ್ತಿದ್ದಂತೆ, ಅದರ ಮುಂದೆ ನೀರಿನೊಳಕ್ಕೆ ಇಳಿದಿರುವ ಅಳತೆಯ ಹಲಗೆಯೊಂದು ಕಾಣುತ್ತದೆ. ನೀರಿನ ಮೇಲ್ಮೈ ಯಾವ ಅಂಕಿಯನ್ನು ಮುಟ್ಟಿದೆಯೋ, ಆ ಗಳಿಗೆಯಲ್ಲಿ ಕಮಾನಿನ ಕೆಳಗೆ ಅಷ್ಟು ಜಾಗವಿದೆ. ನೀರು ಏರಿದರೆ ಅಂಕಿ ಕಡಿಮೆಯಾಗುತ್ತದೆ, ಇಳಿದರೆ ಹೆಚ್ಚುತ್ತದೆ. ಎರಡು ಅಂಕಿಗಳನ್ನು ಹೋಲಿಸುವುದಷ್ಟೇ ನಾವಿಕನ ಕೆಲಸ. ನಮ್ಮ ಮನೆಯಲ್ಲಿ ಆ ಕೆಲಸವನ್ನು ಒಂಬತ್ತು ವರ್ಷದ ಮಗಳಿಗೆ ವಹಿಸಿದ್ದೆವು, ಅವಳು ದೂರದರ್ಶಕ ಹಿಡಿದು ಅಡಿ ಅಂಗುಲಗಳನ್ನು ಕೂಗಿ ಹೇಳುತ್ತಿದ್ದಳು. ಇದರಲ್ಲಿ ಯಂತ್ರವಿಲ್ಲ, ವಿದ್ಯುತ್ ಇಲ್ಲ. ಒಂದು ಹಲಗೆ, ಬಣ್ಣ, ಅದನ್ನು ಸರಿಯಾದ ಮಟ್ಟದಲ್ಲಿ ನಿಲ್ಲಿಸುವಷ್ಟು ಶ್ರದ್ಧೆ, ಮತ್ತು ವರ್ಷಕ್ಕೊಮ್ಮೆ ಪಾಚಿ ಕೆರೆಯುವ ಒಬ್ಬ ಮನುಷ್ಯ ಸಾಕು.

ಆದರೆ ಹಲಗೆ ಎಲ್ಲವನ್ನೂ ಹೇಳುವುದಿಲ್ಲ. ಥರ್ನ್ ನದಿಯ ಮೇಲೆ ಪಾಟರ್ ಹೈಯಮ್ ಎಂಬಲ್ಲಿ ಮಧ್ಯಯುಗದ ಕಲ್ಲಿನ ಸೇತುವೆಯೊಂದಿದೆ. ಸಾಮಾನ್ಯ ಉಬ್ಬರದ ಹೊತ್ತಿನಲ್ಲಿ ಅದರ ನಡುಗಮಾನಿನ ಕೆಳಗೆ ಉಳಿಯುವುದು ಆರೂವರೆ ಅಡಿಯಷ್ಟು, ಅದೂ ಕಮಾನಿನ ನಟ್ಟನಡುವೆ ಮಾತ್ರ. ಕಮಾನು ದುಂಡಗಿರುವುದರಿಂದ ಎರಡು ಅಡಿ ಪಕ್ಕಕ್ಕೆ ಸರಿದರೆ ಎತ್ತರ ಕುಸಿಯುತ್ತದೆ, ಎಂದರೆ ಎತ್ತರ ಸಾಕಾದ ದೋಣಿಯೂ ಅಗಲದಿಂದಾಗಿ ಭುಜ ಉಜ್ಜಿಕೊಳ್ಳಬಹುದು. ಈ ಒಂದು ಕಾರಣಕ್ಕೆ ಬಾಡಿಗೆ ದೋಣಿಗಳು ಇಲ್ಲಿ ತಾವಾಗಿ ದಾಟುವಂತಿಲ್ಲ, ಪಕ್ಕದ ದೋಣಿಮನೆಯ ಪೈಲಟ್ ಹತ್ತಿ ದಾಟಿಸಬೇಕು. ಬ್ಯೂರ್ ನದಿಯ ಮೇಲಿನ, 1619ರ ರಾಕ್ಸಮ್ ಸೇತುವೆಯಲ್ಲೂ ಇದೇ ಪದ್ಧತಿ. ಎಲ್ಲವನ್ನೂ ಬರೆದಿಡುವ ಈ ಜನ, ಬರಹ ಮುಟ್ಟಲಾಗದ ಜಾಗ ಯಾವುದೆಂದು ಗುರುತಿಸಿ ಅಲ್ಲಿ ಮಾತ್ರ ಅಂಬಿಗನನ್ನು ಉಳಿಸಿಕೊಂಡಿದ್ದಾರೆ. ಇದು ನನಗೆ ಬಹಳ ಹಿಡಿಸಿದ ಸಂಗತಿ.

ನಾವು ಮೊದಲ ಸಲ ಅಲ್ಲಿಗೆ ಹೋದದ್ದು ಒಂದು ಮಧ್ಯಾಹ್ನ. ಪೈಲಟ್ ನೀರಿನ ಅಂಚಿಗೆ ಬಂದು ಹಲಗೆ ನೋಡಿ, ನಮ್ಮ ದೋಣಿಯ ತಗಡು ನೋಡಿ, ಇವತ್ತು ಆಗುವುದಿಲ್ಲ, ನಾಳೆ ಬೆಳಿಗ್ಗೆ ಬನ್ನಿ ಎಂದ. ನಾನು ತಗಾದೆ ಮಾಡಲಿಲ್ಲ, ಆದರೆ ಎರಡಂಗುಲಕ್ಕೆ ಇಷ್ಟೊಂದೇ ಎಂದು ಒಳಗೊಳಗೇ ಗೊಣಗಿದೆ. ಮರುದಿನ ಬೆಳಿಗ್ಗೆ ಅವನು ಹತ್ತಿದ. ದೋಣಿಯ ಮುಂಗಾಜನ್ನು ಮಡಚಿಸಿ, ಮಾಡನ್ನು ಹಿಂದಕ್ಕೆ ಸರಿಸಿ, ಎಲ್ಲರನ್ನೂ ನೆಲಕ್ಕೆ ಕೂರಿಸಿ, ಕೈ ಹೊರಗೆ ಹಾಕಬಾರದೆಂದು ಎರಡು ಸಲ ಹೇಳಿದ. ಆಮೇಲೆ, ನಾನು ಎಣಿಸಿದ್ದಕ್ಕಿಂತ ಹೆಚ್ಚು ವೇಗದಲ್ಲಿ ನೇರವಾಗಿ ಕಮಾನಿಗೆ ನುಗ್ಗಿಸಿದ. ನಿಧಾನವಾದರೆ ಸೆಳವು ದೋಣಿಯನ್ನು ಓರೆ ಮಾಡುತ್ತದೆ, ಓರೆಯಾದರೆ ಮುಗಿಯಿತು ಎಂದು ಆಮೇಲೆ ವಿವರಿಸಿದ. ಆ ಕೆಲವು ಕ್ಷಣ ಕಲ್ಲು ನನ್ನ ತಲೆಯಿಂದ ಒಂದು ಗೇಣು ಮೇಲೆ ಇತ್ತು. ಒದ್ದೆ ಸುಣ್ಣದ ವಾಸನೆ, ಕಲ್ಲಿನ ಸಂದಿಯಲ್ಲಿ ಬೆಳೆದ ಜರಿಗಿಡ, ಮತ್ತು ಕಮಾನಿನ ಒಳಬದಿಯ ಉದ್ದಕ್ಕೂ ಬಿಳಿ, ನೀಲಿ, ಕೆಂಪು ಬಣ್ಣಗಳ ಗೀರುಗಳು. ಲೆಕ್ಕ ತಪ್ಪಿದ ದೋಣಿಗಳೆಲ್ಲ ಅಲ್ಲಿ ಒಂದೊಂದು ಸಹಿ ಹಾಕಿ ಹೋಗಿದ್ದವು. ಆಚೆ ಬೆಳಕಿಗೆ ಬಂದಾಗ ಹಿಕ್ಲಿಂಗ್ ಬ್ರಾಡಿನ ಕಡೆಗೆ ಹೋಗುವ ನೀರು ಮುಂದೆ ತೆರೆದುಕೊಂಡಿತು. ಹಿಂದಿನ ದಿನದ ಎರಡಂಗುಲದ ಬೆಲೆ ಆಗ ತಿಳಿಯಿತು.

ಆ ಮಧ್ಯಾಹ್ನ ನಮಗೆ ಆಗುವುದಿಲ್ಲ ಎಂದು ಹೇಳಲು ಅವನಿಗೂ, ಆಗಲಿ ಎಂದು ಒಪ್ಪಲು ನಮಗೂ ಸಾಧ್ಯವಾದದ್ದು ಸೇತುವೆಯ ಈಚೆಗೆ ದೋಣಿ ಕಟ್ಟಲು ಜಾಗವಿದ್ದುದರಿಂದ. ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ. ಸೇತುವೆ ಮತ್ತು ದೋಣಿ ಕಟ್ಟಿ ನಿಲ್ಲುವ ತಂಗುಗಟ್ಟೆ ಬೇರೆ ಬೇರೆ ವಸ್ತುಗಳಲ್ಲ. ದಾಟಬಹುದೋ ಇಲ್ಲವೋ ಎಂದು ತಿಳಿಸುವ ಹಲಗೆ ಎಷ್ಟೇ ಚೆನ್ನಾಗಿದ್ದರೂ, ಇಲ್ಲ ಎಂದಾದಾಗ ನಿಲ್ಲಲು ಒಂದು ಗೂಟವಿಲ್ಲದಿದ್ದರೆ ಆ ತಿಳಿವಳಿಕೆಯಿಂದ ಪ್ರಯೋಜನವಿಲ್ಲ, ಏಕೆಂದರೆ ಸೆಳವಿನಲ್ಲಿರುವ ದೋಣಿಗೆ ಯೋಚಿಸುತ್ತ ನಿಲ್ಲುವ ಅವಕಾಶವಿರುವುದಿಲ್ಲ. ಬ್ರಾಡ್ಸಿನಲ್ಲಿ ಹಾಯಿದೋಣಿಗಳೂ ಬಾಡಿಗೆಗೆ ಸಿಗುತ್ತವೆ. ಅವು ಸೇತುವೆಯ ಈಚೆ ಕಟ್ಟಿಕೊಂಡು ಹಾಯಿಕಂಬವನ್ನು ಮಲಗಿಸಿ, ಜಲ್ಲೆಯಿಂದ ಊರಿ ಕಮಾನಿನಡಿ ದಾಟಿ, ಆಚೆ ಮತ್ತೆ ಕಟ್ಟಿಕೊಂಡು ಕಂಬ ಎತ್ತುತ್ತವೆ. ಅದಕ್ಕೆಂದೇ ಹಲವು ಸೇತುವೆಗಳ ಎರಡೂ ಪಕ್ಕದಲ್ಲಿ ಗಟ್ಟೆಗಳಿವೆ. ಇಲ್ಲಿಯ ಜಲ್ಲೆಗೆ ಕ್ವಾಂಟ್ ಎಂದು ಹೆಸರು, ಕೆಸರಿನಲ್ಲಿ ಹೂತುಹೋಗದಂತೆ ಅದರ ತುದಿಗೊಂದು ಅಗಲ ಬಿಲ್ಲೆ ಇರುತ್ತದೆ. ಅದನ್ನು ಮೊದಲ ಸಲ ಕೈಗೆ ತೆಗೆದುಕೊಂಡಾಗ ನನ್ನ ಅಂಗೈಗೆ ಅಜ್ಜನ ಮನೆಯ ಪಾತಿದೋಣಿ ನೆನಪಾಯಿತು. ಹಿಂದೆ ಈ ನದಿಗಳಲ್ಲಿ ಸರಕು ಸಾಗಿಸುತ್ತಿದ್ದ ವೆರಿ ಎಂಬ ದೊಡ್ಡ ಹಾಯಿದೋಣಿಗಳು, ಬುಡದಲ್ಲಿ ಸೀಸದ ತೂಕವಿಟ್ಟ ಹಾಯಿಕಂಬವನ್ನು ಸಾಗುತ್ತಿರುವಂತೆಯೇ ಮಲಗಿಸಿ, ಸೇತುವೆ ನುಸುಳಿ, ಮತ್ತೆ ಎತ್ತುತ್ತಿದ್ದವಂತೆ. 1898ರಲ್ಲಿ ಕಟ್ಟಿದ ಆಲ್ಬಿಯನ್ ಎಂಬ ವೆರಿ ಇಂದಿಗೂ ಓಡಾಡುತ್ತದೆ.

ದೋಣಿ ಕಟ್ಟುವುದು ಸುಲಭದ ಕೆಲಸವೆಂದು ಯಾರೂ ತಿಳಿಯಬಾರದು. ಯಾವ ಕಡೆಗೆ ಹೋಗುತ್ತಿದ್ದರೂ ದಡಕ್ಕೆ ಬರುವಾಗ ಸೆಳವಿಗೆ ಎದುರಾಗಿಯೇ ಬರಬೇಕು, ನೀರಿನ ಒತ್ತಡವೇ ದೋಣಿಯನ್ನು ನಿಲ್ಲಿಸುತ್ತದೆ. ಸೆಳವಿನ ಜೊತೆಗೆ ಬಂದವನಿಗೆ ನಿಲ್ಲಿಸುವ ಸಾಧನವೇ ಇಲ್ಲ. ಸೇತುವೆಯ ಬಳಿ ಎದುರುಬದುರಾದಾಗ ಸೆಳವಿನ ಜೊತೆಗೆ ಬರುವವನಿಗೆ ದಾರಿ ಬಿಡಬೇಕೆಂಬ ನಿಯಮಕ್ಕೂ ಇದೇ ಕಾರಣ. ಹೆಜ್ಜೆ ಇಟ್ಟು ಇಳಿಯಬೇಕು, ಹಾರಬಾರದು, ದೋಣಿಗೂ ಗಟ್ಟೆಗೂ ನಡುವೆ ಕಾಲಿಟ್ಟು ತಡೆಯಲು ಹೋಗಬಾರದು. ಇವೆಲ್ಲ ನನಗೆ ಮೊದಲೇ ಗೊತ್ತಿದ್ದವು, ಅಥವಾ ಗೊತ್ತಿದೆ ಎಂದು ನಾನು ನಂಬಿದ್ದೆ.

ಆ ನಂಬಿಕೆ ಕಳಚಿದ್ದು ಯೇರ್ ನದಿಯ ದಡದ ರೀಡಮ್‌ನಲ್ಲಿ. ತುಂಬಿದ ಉಬ್ಬರದಲ್ಲಿ ಗಟ್ಟೆಗೆ ಬಂದು, ಹಿಂದಕ್ಕೂ ಮುಂದಕ್ಕೂ ಎರಡು ಹಗ್ಗಗಳನ್ನು ಹಟ್ಟಿಯಲ್ಲಿ ಎತ್ತನ್ನು ಕಟ್ಟಿದ ಹಾಗೆ ಬಿಗಿಯಾಗಿ ಬಿಗಿದು, ಊಟ ಮಾಡಿ ಮಲಗಿದೆವು. ನಡುರಾತ್ರಿಯ ನಂತರ ಲೋಟಗಳು ಕಪಾಟಿನಿಂದ ಒಂದೊಂದಾಗಿ ಜಾರಿ ಬೀಳುವ ಸದ್ದಿಗೆ ಎಚ್ಚರವಾಯಿತು. ಹೊಳೆ ಎರಡು ಮೂರು ಅಡಿ ಇಳಿದಿತ್ತು, ದೋಣಿ ಮಾತ್ರ ಇಳಿಯಲಾಗದೆ ಒಂದು ಪಕ್ಕದಲ್ಲಿ ಹಗ್ಗಕ್ಕೆ ನೇತುಬಿದ್ದಿತ್ತು. ಗಂಟು ಬಿಚ್ಚಲು ಹೋದರೆ ದೋಣಿಯ ಭಾರವೆಲ್ಲ ಅದರ ಮೇಲಿದ್ದು ಕಲ್ಲಿನಂತಾಗಿತ್ತು. ಪಕ್ಕದ ದೋಣಿಯ ವೃದ್ಧರೊಬ್ಬರು ಟಾರ್ಚ್ ಹಿಡಿದು, ರಾತ್ರಿಯುಡುಪಿನಲ್ಲೇ ಬಂದು, ತಮ್ಮದೊಂದು ಹಗ್ಗವನ್ನು ಇನ್ನೊಂದು ಕಂಬಕ್ಕೆ ಸುತ್ತಿ ಭಾರವನ್ನು ಅದಕ್ಕೆ ವರ್ಗಾಯಿಸಿ, ನನ್ನ ಗಂಟನ್ನು ಬಿಡಿಸಿಕೊಟ್ಟರು. ಬೈಯಲಿಲ್ಲ, ನಗಲೂ ಇಲ್ಲ. ಹಗ್ಗವನ್ನು ದೂರದ ಕಂಬಕ್ಕೆ ಓರೆಯಾಗಿ ಉದ್ದಕ್ಕೆ ಕಟ್ಟಿದರೆ ನೀರು ಏರಿದರೂ ಇಳಿದರೂ ಅದಕ್ಕೆ ಅಷ್ಟಾಗಿ ತಿಳಿಯುವುದಿಲ್ಲ ಎಂದಷ್ಟೇ ತೋರಿಸಿ ಹೋದರು. ಅಳಿವೆಯ ಪಕ್ಕ ಹುಟ್ಟಿದವನಿಗೆ ಉಬ್ಬರ ಇಳಿತದ ಪಾಠವನ್ನು ಇಂಗ್ಲೆಂಡಿನ ಮುದುಕರೊಬ್ಬರು ರಾತ್ರಿ ಎರಡು ಗಂಟೆಗೆ ಹೇಳಿಕೊಡಬೇಕಾಯಿತಲ್ಲ ಎಂಬ ನಾಚಿಕೆ ಇನ್ನೂ ಇದೆ. ನಮ್ಮೂರಿನ ಅಂಬಿಗ ಸಡಿಲ ಹಗ್ಗವನ್ನೇ ಕಟ್ಟುತ್ತಿದ್ದುದನ್ನು ಬಾಲ್ಯವಿಡೀ ನೋಡಿದ್ದೆ, ಸೋಮಾರಿತನ ಎಂದುಕೊಂಡಿದ್ದೆ.

ಗಟ್ಟೆಗಳ ವಿಷಯದಲ್ಲಿ ಇಲ್ಲಿನದೆಲ್ಲ ಚೆಂದವೆಂದು ಹೇಳಲಾರೆ. ಜಲಪ್ರದೇಶವನ್ನು ನೋಡಿಕೊಳ್ಳಲು 1989ರಿಂದ ಬ್ರಾಡ್ಸ್ ಪ್ರಾಧಿಕಾರವೆಂಬ ಶಾಸನಬದ್ಧ ಸಂಸ್ಥೆಯಿದೆ. ಅದು ಅಲ್ಲಲ್ಲಿ 24 ಗಂಟೆಗಳವರೆಗೆ ನಿಲ್ಲಬಹುದಾದ ಗಟ್ಟೆಗಳನ್ನು ಒದಗಿಸಿದೆ, ಅವುಗಳಲ್ಲಿ ಹೆಚ್ಚಿನವು ಉಚಿತ. ಆದರೆ ಅವುಗಳ ನಡುವಿನ ದಡದ ಬಹುಭಾಗ ಯಾರದೋ ಸ್ವತ್ತು, ಖಾಸಗಿ, ಕಟ್ಟಬಾರದು ಎಂಬ ಫಲಕಗಳು ಸಾಲಾಗಿ ನಿಂತಿರುತ್ತವೆ. ಬೇಸಿಗೆಯ ಶನಿವಾರ ಸಂಜೆ ನಾಲ್ಕು ದಾಟಿತೆಂದರೆ ಒಂದು ಜಾಗಕ್ಕೆ ಮೂರು ದೋಣಿ ಸುಳಿಯುತ್ತಿರುತ್ತವೆ. ನಮ್ಮ ಹೊಳೆದಂಡೆಯಲ್ಲಿ ದೋಣಿಯನ್ನು ಯಾರ ತೆಂಗಿನಮರಕ್ಕೆ ಕಟ್ಟಿದರೂ ಯಾರೂ ಕೇಳುತ್ತಿರಲಿಲ್ಲ, ಕೇಳಿದರೂ ಎಲ್ಲಿಂದ ಬಂದಿರಿ, ಬಾಯಾರಿಕೆ ಬೇಕೇ ಎಂದು ಕೇಳುತ್ತಿದ್ದರು. ಆ ಔದಾರ್ಯ ಈಗಲೂ ಇದೆ, ಆದರೆ ದಂಡೆಯೇ ಬದಲಾಗುತ್ತಿದೆ. ಕೊರೆತ ತಡೆಯಲು ಕಟ್ಟುತ್ತಿರುವ ಕಲ್ಲಿನ ತಡೆಗೋಡೆಗಳಲ್ಲಿ ಎಷ್ಟೋ ಕಡೆ ಫರ್ಲಾಂಗಿಗಟ್ಟಲೆ ಒಂದು ಮೆಟ್ಟಿಲೂ ಇಲ್ಲ, ಹಗ್ಗ ಕಟ್ಟಲು ಒಂದು ಕಬ್ಬಿಣದ ಬಳೆಯೂ ಇಲ್ಲ. ಗೋಡೆಯ ಮೇಲೆ ನಿಂತವನು ಕರೆದರೂ ದೋಣಿಯವನು ಹತ್ತಲಾರ.

ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಕಿಂಡಿ ಅಣೆಕಟ್ಟು. ಕರಾವಳಿಯ ಹೊಳೆಗಳಿಗೆ ಅಡ್ಡಲಾಗಿ ಸೇತುವೆ ಸಹಿತ ಕಿಂಡಿ ಅಣೆಕಟ್ಟುಗಳು ಎದ್ದಿವೆ. ಮೇಲೆ ವಾಹನ ಹೋಗುತ್ತದೆ, ಮಳೆಗಾಲ ಮುಗಿದ ಮೇಲೆ ಕಿಂಡಿಗಳಿಗೆ ಹಲಗೆ ಇಳಿಸಿ ಉಪ್ಪುನೀರು ಮೇಲೇರದಂತೆ, ಸಿಹಿನೀರು ಸಮುದ್ರಕ್ಕೆ ಓಡದಂತೆ ತಡೆಯುತ್ತಾರೆ. ರೈತರಿಗೆ, ಬಾವಿಗಳಿಗೆ ಇದರಿಂದ ಉಪಕಾರವಾಗಿದೆ, ಅದನ್ನು ಅಲ್ಲಗಳೆಯಲಾರೆ. ಆದರೆ ರಸ್ತೆಯವನನ್ನೂ ಗದ್ದೆಯವನನ್ನೂ ನೆನೆದು ನಕ್ಷೆ ಬರೆದ ಅದೇ ಕೈ, ಹೊಳೆಯಲ್ಲಿ ದೋಣಿಯೊಂದು ಬರಬಹುದೆಂಬುದನ್ನು ನೆನೆಯಲೇ ಇಲ್ಲ. ಪಾತಿದೋಣಿ ನುಸುಳುವಷ್ಟು ಒಂದು ಕಿಂಡಿ, ಇಲ್ಲವೇ ದೋಣಿಯನ್ನು ಎಳೆದು ಆಚೆ ಇಳಿಸಲು ಪಕ್ಕದಲ್ಲೊಂದು ಇಳಿಜಾರು ಕೇಳಿದರೆ ಅದು ಅತಿಯಾಸೆಯಾಗದು.

ಹೊಳೆ ದಾಟಿದ ಮೇಲೆ ಅಂಬಿಗನನ್ನು ಏನೆಂದು ಕರೆಯುತ್ತಾರೆ ಎಂಬ ಒರಟು ಗಾದೆಯೊಂದು ನಮ್ಮಲ್ಲಿದೆ, ಪೂರ್ತಿ ಬರೆಯುವಂತಿಲ್ಲ. ಸೇತುವೆಯಾದ ಊರುಗಳಲ್ಲಿ ಆ ಗಾದೆ ನಿಜವಾಗುವುದನ್ನು ಕಂಡಿದ್ದೇನೆ. ಶರಾವತಿ ಹಿನ್ನೀರಿನಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ದಶಕಗಳ ಕಾಲ ಲಾಂಚ್ ಓಡಿತು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಯಿಂದ ನಡುಗಡ್ಡೆಯಂತಾದ ಊರುಗಳಿಗೆ ಆ ಲಾಂಚೇ ಗತಿಯಾಗಿತ್ತು. ಬೇಸಿಗೆಯಲ್ಲಿ ನೀರು ಇಳಿದಾಗ ವಾಹನ ಹತ್ತಿಸುವುದನ್ನು ನಿಲ್ಲಿಸಬೇಕಾಗುತ್ತಿತ್ತು, ರಾತ್ರಿ ಕಾಯಿಲೆ ಬಿದ್ದವರ ಪಾಡು ಹೇಳತೀರದು. 2025ರ ಜುಲೈ 14ರಂದು 2.44 ಕಿಲೋಮೀಟರ್ ಉದ್ದದ ಸಿಗಂದೂರು ಸೇತುವೆ ತೆರೆದಾಗ ಅಲ್ಲಿನ ಜನ ಅತ್ತದ್ದರಲ್ಲಿ ಆಶ್ಚರ್ಯವಿಲ್ಲ. ನಾನೂ ದೂರದಿಂದ ಸಂತೋಷಪಟ್ಟೆ. ಸೇತುವೆ ಬೇಡ, ಲಾಂಚ್ ಚೆಂದವಿತ್ತು ಎಂದು ಹೇಳುವ ಹಕ್ಕು, ವರ್ಷಕ್ಕೊಮ್ಮೆ ದೇವಸ್ಥಾನಕ್ಕೆ ಹೋಗಿ ಫೋಟೋ ತೆಗೆಯುವ ನನ್ನಂಥವನಿಗೆ ಇಲ್ಲ. ನಾನು ಹೇಳುವುದಿಷ್ಟೆ, ಅಷ್ಟು ವರ್ಷ ಆ ನೀರಿನ ಮೇಲೆ ಲಾಂಚ್ ನಡೆಸಿದವರಿಗೆ ಯಾವ ತಿಂಗಳು ಯಾವ ದಿಬ್ಬ ಎಲ್ಲಿ ತಲೆಯೆತ್ತುತ್ತದೆ, ಮುಳುಗಿದ ಮರದ ಬೊಡ್ಡೆ ಎಲ್ಲಿದೆ ಎಂಬುದು ತಿಳಿದಿತ್ತು. ಅವರು ನಿವೃತ್ತರಾಗುವ ಮೊದಲು ಅದನ್ನು ಕೇಳಿ ಕಂಬಗಳ ಮೇಲೋ ನಕಾಶೆಯ ಮೇಲೋ ಗುರುತಿಸಿಡುವುದು ಯಾರಿಗಾದರೂ ಹೊಳೆಯಬೇಕು.

ಇದೆಲ್ಲ ಹಳೆಯ ಕಾಲದ ಹಂಬಲ, ಇನ್ನು ಹೊಳೆಯಲ್ಲಿ ಯಾರು ಹೋಗುತ್ತಾರೆ ಎನ್ನುವವರಿಗೆ ಒಂದು ಮಾತು ನೆನಪಿಸಬೇಕು. 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆ ದೇಶದ 111 ಜಲಮಾರ್ಗಗಳನ್ನು ರಾಷ್ಟ್ರೀಯವೆಂದು ಸಾರಿದೆ. ಅವುಗಳಲ್ಲಿ ನೇತ್ರಾವತಿ, ಗುರುಪುರ, ಶರಾವತಿ, ಕಾಳಿ, ಪಂಚಗಂಗಾವಳಿ ಸೇರಿವೆ. ಕಾಗದದಲ್ಲಿ ನಮ್ಮೂರ ಹೊಳೆಗೆ ರಾಷ್ಟ್ರೀಯ ಹೆದ್ದಾರಿಯ ಸಮಾನ ಗೌರವ ಬಂದಾಗಿದೆ. ಆ ಎರಡು ರಾಷ್ಟ್ರೀಯ ದಾರಿಗಳು ಒಂದನ್ನೊಂದು ಕತ್ತರಿಸುವ ಜಾಗವೇ ಸೇತುವೆ. ಮೇಲಿನ ದಾರಿಯವನಿಗೆ ಅಲ್ಲಿ ವೇಗದ ಮಿತಿ, ತೂಕದ ಮಿತಿ, ನದಿಯ ಹೆಸರು, ಉದ್ಘಾಟಿಸಿದವರ ಹೆಸರು ಎಲ್ಲ ಬರೆದಿರುತ್ತದೆ. ಕೆಳಗಿನ ದಾರಿಯವನಿಗೆ ಯಾವ ಕಂಬಗಳ ನಡುವೆ ಆಳವಿದೆ ಎಂದು ಸೂಚಿಸುವ ಒಂದು ಬಣ್ಣದ ಚೌಕವೂ ಇರುವುದಿಲ್ಲ.

ಸೇತುವೆಯನ್ನು ಮೇಲಿನಿಂದ ಮಾತ್ರ ನೋಡುವ ಚಾಳಿ ನಮ್ಮದೊಂದೇ ಅಲ್ಲ, ಇಲ್ಲಿಯವರೂ ಅದಕ್ಕೆ ದೊಡ್ಡ ಬೆಲೆ ತೆತ್ತಿದ್ದಾರೆ. 1845ರ ಮೇ 2ರಂದು ಯಾರ್ಮತ್‌ನಲ್ಲಿ ಸರ್ಕಸ್ಸಿನ ವಿದೂಷಕನೊಬ್ಬ ಬ್ಯೂರ್ ನದಿಯಲ್ಲಿ ಹೆಬ್ಬಾತುಗಳು ಎಳೆಯುವ ತೊಟ್ಟಿಯಲ್ಲಿ ಕೂತು ಬರುತ್ತಾನೆಂದು ತೂಗುಸೇತುವೆಯ ಮೇಲೆ ಜನ ಕಿಕ್ಕಿರಿದಿದ್ದರು. ಎಲ್ಲರೂ ಅವನನ್ನು ನೋಡಲು ಒಂದೇ ಪಕ್ಕಕ್ಕೆ ಒತ್ತಿ ನಿಂತಾಗ ಸರಪಣಿ ಕಿತ್ತು 79 ಮಂದಿ ಸತ್ತರು, ಅವರಲ್ಲಿ ಬಹಳಷ್ಟು ಮಕ್ಕಳು. ನಮ್ಮಲ್ಲಿ 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು. ಅದರ ಚಾಲಕನನ್ನು ಬದುಕಿಸಿದವರಲ್ಲಿ ದೋಣಿಯಿದ್ದ ಸ್ಥಳೀಯ ಮೀನುಗಾರರೂ ಇದ್ದರು. ಯಾವ ಕತ್ತಲಲ್ಲಿ ಯಾವ ಕಂಬದ ಪಕ್ಕ ಸೆಳವು ಹೇಗೆ ತಿರುಗುತ್ತದೆ ಎಂದು ಬಲ್ಲವರು ಆ ಹೊಳೆಯ ಮೇಲೆ ಇನ್ನೂ ಉಳಿದಿದ್ದರು ಎಂಬುದು ಆ ಚಾಲಕನ ಪುಣ್ಯ.

ಇಲ್ಲಿನದನ್ನು ಹಾಗೆಯೇ ಅಲ್ಲಿಗೆ ಎತ್ತಿ ಇಡಲಾಗದು ಎಂಬುದೂ ನನಗೆ ಗೊತ್ತು. ಬ್ರಾಡ್ಸಿನ ನದಿ ಸಾಧು, ಅದು ಅಂಗುಲಗಳ ಲೆಕ್ಕದಲ್ಲಿ ಮುನಿಸಿಕೊಳ್ಳುತ್ತದೆ. ನಮ್ಮ ಹೊಳೆ ಆಷಾಢದಲ್ಲಿ ಒಂದೇ ರಾತ್ರಿ ಆಳೆತ್ತರ ಏರಿ, ಬೇರು ಸಮೇತ ಮರಗಳನ್ನು ತಂದು ಕಂಬಕ್ಕೆ ಒರಗಿಸುತ್ತದೆ. ಇಲ್ಲಿಯ ಮರದ ಹಲಗೆಯನ್ನು ಅಲ್ಲಿ ನಿಲ್ಲಿಸಿದರೆ ಮೊದಲ ನೆರೆಗೇ ಅದು ಅರಬ್ಬೀ ಸಮುದ್ರ ಸೇರುತ್ತದೆ. ಅಲ್ಲಿಗೆ ಬೇಕಾದದ್ದು ಕಾಂಕ್ರೀಟ್ ಕಂಬದ ಮೇಲೆಯೇ ಬಳಿದ, ದೂರಕ್ಕೆ ಕಾಣುವ ಅಂಕಿಗಳು, ಏಕೆಂದರೆ ಕಂಬವಂತೂ ಹೇಗೂ ನಿಂತಿರುತ್ತದೆ. ಕಟ್ಟುವಾಗಲೇ ಅದರಲ್ಲಿ ಮಟ್ಟ ಮಟ್ಟಕ್ಕೆ ಎರಡು ಮೂರು ಕಬ್ಬಿಣದ ಬಳೆಗಳನ್ನು ಹೂತರೆ ಖರ್ಚು ಸೇತುವೆಯ ಲೆಕ್ಕಪತ್ರದಲ್ಲಿ ಕಾಣಿಸುವುದೂ ಇಲ್ಲ. ಅಲ್ಲದೆ ಇಲ್ಲಿನ ಹಲಗೆಗಳೂ ಶಾಶ್ವತವಲ್ಲ. ನೀರಿನ ಮಟ್ಟ ಮೊದಲಿಗಿಂತ ಎತ್ತರದಲ್ಲಿ ನಿಲ್ಲುತ್ತಿರುವುದರಿಂದ ಪಾಟರ್ ಹೈಯಮ್ ಸೇತುವೆಯಡಿ ದೋಣಿ ಹೋಗುವ ದಿನಗಳು ಈಚೆಗೆ ಕಡಿಮೆಯಾಗುತ್ತಿವೆ. ನಾವು ಮೂರನೆಯ ಸಲ ಹೋದಾಗ ಎರಡು ದಿನ ಕಾದರೂ ಆಗುವುದಿಲ್ಲ ಎಂಬ ಉತ್ತರವೇ ಸಿಕ್ಕಿತು. ರೀಡಮ್ ಮತ್ತು ಸಮರ್ಲೇಟನ್‌ಗಳಲ್ಲಿ ರೈಲು ಹಳಿ ಹೊತ್ತು ಪಕ್ಕಕ್ಕೆ ತಿರುಗಿ ದಾರಿ ಬಿಡುವ ಹಳೆಯ ಕಬ್ಬಿಣದ ಸೇತುವೆಗಳು, ಬಿಸಿಲು ಜೋರಾದ ದಿನ ಲೋಹ ಹಿಗ್ಗಿ ತಿರುಗಲು ಒಲ್ಲೆ ಎನ್ನುತ್ತವೆ. ಆಗ ಎರಡು ಕೆಂಪು ಬಾವುಟ ಏರಿಸುತ್ತಾರೆ, ಎತ್ತರದ ದೋಣಿಯವರು ಗಟ್ಟೆಗೆ ಮರಳಿ ಚಹಾ ಕಾಯಿಸುತ್ತಾರೆ. ಒಲ್ಲೆ ಎಂಬುದನ್ನು ಮೊದಲೇ ಹೇಳಿ, ಕಾಯಲು ಜಾಗ ಕೊಟ್ಟರೆ, ಜನ ಎಷ್ಟೊಂದು ತಾಳ್ಮೆಯಿಂದ ಇರುತ್ತಾರೆಂಬುದಕ್ಕೆ ಆ ಚಹಾವೇ ಸಾಕ್ಷಿ.

ಕಳೆದ ಡಿಸೆಂಬರಿನಲ್ಲಿ ಊರಿಗೆ ಹೋದಾಗ, ನೆಂಟರೊಬ್ಬರ ದೋಣಿಯಲ್ಲಿ ಹೆದ್ದಾರಿ ಸೇತುವೆಯ ಅಡಿಗೆ ಹೋಗಿದ್ದೆ. ಎಪ್ಪತ್ತು ದಾಟಿದ ಅವರು ಬಲೆ ಬಿಡಲು ಇಳಿತ ಮುಗಿದು ನೀರು ನಿಲ್ಲುವ ಹೊತ್ತನ್ನು ಕಾಯುತ್ತಿದ್ದರು. ನನ್ನ ಅಳತೆಯ ಹಲಗೆಯ ಕತೆಯನ್ನು ಪೂರ್ತಿ ಕೇಳಿ, ಕಂಬದತ್ತ ಕೈ ತೋರಿಸಿದರು. ಕಾಂಕ್ರೀಟಿನ ಸುತ್ತ ಒಂದು ಮಟ್ಟದವರೆಗೆ ಸಿಂಪಿಗಳು ಒತ್ತಾಗಿ ಕಚ್ಚಿಕೊಂಡಿದ್ದವು, ಅದರ ಮೇಲೆ ಒಂದೂ ಇರಲಿಲ್ಲ. ದಿನದ ಉಬ್ಬರ ಮುಟ್ಟುವುದು ಆ ಗೆರೆಯವರೆಗೆ, ಹುಣ್ಣಿಮೆ ಅಮಾವಾಸ್ಯೆಗೆ ಅದರಿಂದ ಒಂದು ಮೊಳ ಮೇಲೆ, ಅದನ್ನು ನೋಡಿದರೆ ಸಾಕು ಎಂದರು. ಆಮೇಲೆ ದೋಣಿಯನ್ನು ಕಂಬದ ಹತ್ತಿರಕ್ಕೆ ತಂದು, ಕಟ್ಟುವಾಗ ಕತ್ತರಿಸದೆ ಬಿಟ್ಟುಹೋದ, ಹೊರಚಾಚಿ ತುಕ್ಕು ಹಿಡಿದ ಸರಳೊಂದಕ್ಕೆ ಹಗ್ಗವನ್ನು ಸಡಿಲವಾಗಿ ಸುತ್ತಿದರು. ಸರಳಿನ ನಡುಭಾಗ ಹಗ್ಗ ಉಜ್ಜಿ ಉಜ್ಜಿ ಹೊಳೆಯುತ್ತಿತ್ತು. ನನ್ನ ಕಣ್ಣು ಅಲ್ಲಿಗೆ ಹೋದದ್ದನ್ನು ಗಮನಿಸಿ, "ಕಾಂಟ್ರಾಕ್ಟರ್ ಇದೊಂದ್ ಮರ್ತ್ ಹೋದದ್ದೇ ಒಳ್ಳೇದಾಯ್ತ್ ಕಾಣಿ" ಎಂದು ಹೇಳಿ, ಬಲೆ ಬಿಡಿಸಲು ಕೂತರು.